ಕಲ್ಲು ಅಂದ್ರೆ ಇಷ್ಟ, ಭೂವಿಜ್ಞಾನ ಓದಬಹುದಾ?

ನಾಗಮಂಗಲದ ವಿದ್ಯಾರ್ಥಿನಿ:
ನಾನು ಸೆಕೆಂಡ್ ಪಿಯುಸಿ ಸೈನ್ಸ್. ನಮ್ಮ ಹೊಲದ ಬದುವಿನಲ್ಲಿ ಕಾಗೆಬಂಗಾರ, ಬೆಣಚುಕಲ್ಲು ಸಿಗುತ್ತವೆ. ಚಿಕ್ಕವಳಿದ್ದಾಗಿನಿಂದ ಆರಿಸಿ ಆರಿಸಿ ಎರಡು ಡಬ್ಬಿ ತುಂಬಿವೆ. ಭೂವಿಜ್ಞಾನ ಓದಿ ಸಂಶೋಧನೆ ಮಾಡಬೇಕು, ಕಾಲೇಜಿನಲ್ಲಿ ಪಾಠ ಮಾಡಬೇಕು ಅಂತ ಆಸೆ. ಅಪ್ಪ ಮಾತ್ರ "ಕಲ್ಲು ಓದಿ ಏನು ಮಾಡ್ತೀಯವ್ವ, ಇಂಜಿನಿಯರಿಂಗ್ ಸೇರು" ಅಂತಾರೆ. ಈ ದಾರಿಯಲ್ಲಿ ಹೋದವರು ಇದ್ದರೆ ಹೇಳಿ.

ಕುಂತಿಬೆಟ್ಟದ ಮೇಡಂ:
ಇದ್ದೀನಮ್ಮ. ಪಾಂಡವಪುರದ ಕಡೆಯವಳು. ಹದಿನಾಲ್ಕು ವರ್ಷದಿಂದ ಭೂವಿಜ್ಞಾನ ಪಾಠ ಮಾಡುತ್ತಿದ್ದೇನೆ.

ಈ ಹುಚ್ಚು ಹತ್ತಿಸಿದ್ದು ನಮ್ಮ ಬಾವಿ. ಆರನೇ ಕ್ಲಾಸಿನಲ್ಲಿದ್ದಾಗ ಅಪ್ಪ ಹೊಲದಲ್ಲಿ ಬಾವಿ ತೋಡಿಸಿದರು. ಇಪ್ಪತ್ತು ಅಡಿಗೇ ಬಂಡೆ. ಮದ್ದಿಟ್ಟು ಸಿಡಿಸಿದ ಮೇಲೆ ಇಣುಕಿದೆ. ಬಿಳಿ, ಬೂದು ಪಟ್ಟೆಯ ಬಂಡೆಯ ನಡುವೆ ಮೊಳದಗಲದ ಕರಿಕಲ್ಲು ನೆಟ್ಟಗೆ ಕೆಳಗಿಳಿದಿತ್ತು. ಅದರ ಒಂದು ಮಗ್ಗುಲಲ್ಲಿ ಮಾತ್ರ ನೀರು ಜಿನುಗುತ್ತಿತ್ತು, ಇನ್ನೊಂದು ಕಡೆ ಒಣ. ಯಾಕೆ ಅಂತ ಕೇಳಿದರೆ, ಬಂಡೆ ಒಡೆಯುವ ತಾತ "ಕರಿಕಲ್ಲು ನೀರು ಬಿಡಲ್ಲ ಮಗ" ಅಂದರು.

ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಮಾಡುವಾಗ ಗೊತ್ತಾಯಿತು, ಅದು ಡೈಕ್. ಹಳೆಯ ಬಂಡೆ ಬಿರುಕು ಬಿಟ್ಟಾಗ ಕೆಳಗಿನಿಂದ ಶಿಲಾರಸ ನುಗ್ಗಿ ಅಲ್ಲೇ ಗಟ್ಟಿಯಾಗಿತ್ತು. ಡೈಕ್‌ನಲ್ಲಿ ಬಿರುಕು ಇಲ್ಲದಿದ್ದರೆ ಅಂತರ್ಜಲಕ್ಕೆ ಅಡ್ಡಗೋಡೆ ಕಟ್ಟಿದ ಹಾಗೆ. ತಾತ ಹೇಳಿದ್ದು ಅಕ್ಷರಶಃ ನಿಜ. ನನ್ನ ಪಿಎಚ್‌ಡಿಯೂ ಡೈಕ್‌ಗಳ ಮೇಲೇ ಆಯಿತು.

ಇನ್ನೊಂದು ಹೇಳಲೇಬೇಕು. ಚಾಮುಂಡಿ ಬೆಟ್ಟ ಬಹಳ ಹಳೆಯದು, ಕೆಳಗಿನ ನೆಲ ಆಮೇಲಿನದು ಅಂದುಕೊಂಡಿದ್ದೆ. ಉಲ್ಟಾ! ಬೆಟ್ಟದ ಗ್ರಾನೈಟ್‌ಗೆ ಸುಮಾರು 80 ಕೋಟಿ ವರ್ಷ. ಸುತ್ತಲಿನ, ನೈಸ್ ಅನ್ನುವ ಪಟ್ಟೆ ಪಟ್ಟೆ ಬಂಡೆಗೆ ಸುಮಾರು 300 ಕೋಟಿ. ಅದನ್ನು ಕೇಳಿದ ದಿನ ಬಸ್ಸಿನಲ್ಲಿ ಊರಿಗೆ ಬರುತ್ತಾ ಕಿಟಕಿ ಬಿಟ್ಟು ಕಣ್ಣು ತೆಗೆಯಲಿಲ್ಲ. ದಿನಾ ನೋಡುತ್ತಿದ್ದ ನೆಲವೇ ಬೇರೆಯಾಗಿ ಕಂಡಿತು.

ದಾರಿ ಹೀಗೆ: ಪಿಯುಸಿಯಲ್ಲಿ ಈ ವಿಷಯ ಇಲ್ಲದಿದ್ದರೂ ಪರವಾಗಿಲ್ಲ. ಬಿಎಸ್ಸಿಯಲ್ಲಿ ಭೂವಿಜ್ಞಾನ ತಗೋ, ಆಮೇಲೆ ಎಂಎಸ್ಸಿ. ಎಂಎಸ್ಸಿಗೆ ಐಐಟಿ ಸೇರಬೇಕಾದರೆ ಜ್ಯಾಮ್ ಅನ್ನುವ ಪ್ರವೇಶ ಪರೀಕ್ಷೆ ಬರಿ. ಸಂಶೋಧನೆಗೆ ಸಿಎಸ್‌ಐಆರ್ ನೆಟ್ ಅನ್ನುವ ರಾಷ್ಟ್ರಮಟ್ಟದ ಪರೀಕ್ಷೆ ಇದೆ, ಅದರಲ್ಲಿ ಅರ್ಥ್ ಸೈನ್ಸಸ್ ಪತ್ರಿಕೆ ತಗೋ. ನಾನು ಎರಡು ಸಲ ಫೇಲಾದೆ, ಮೂರನೇ ಸಲ ಪಾಸಾದೆ. ಪಿಎಚ್‌ಡಿಗೆ ಆರು ವರ್ಷ ಹಿಡಿಯಿತು. ಫೆಲೋಶಿಪ್ ತಡವಾದ ತಿಂಗಳುಗಳಲ್ಲಿ ಟ್ಯೂಷನ್ ಹೇಳಿದೆ. ಸುಲಭ ಅಂತ ನಾನು ಹೇಳಲ್ಲ.

ಮದ್ದೂರಿನ ಒಬ್ಬ ತಂದೆ:
ಮೇಡಂ, ನಮ್ಮ ಹುಡುಗನೂ ಇದನ್ನೇ ಕೇಳುತ್ತಿದ್ದಾನೆ. ಪಾಠ ಮಾಡುವ ಕೆಲಸ ಸಿಗದಿದ್ದರೆ ಮುಂದೇನು?

ಕುಂತಿಬೆಟ್ಟದ ಮೇಡಂ:
ನ್ಯಾಯವಾದ ಪ್ರಶ್ನೆ ಸರ್. ಕಾಲೇಜಿನ ಖಾಯಂ ಹುದ್ದೆಗಳು ಕಡಿಮೆ. ನಾನೂ ಐದು ವರ್ಷ ಅತಿಥಿ ಉಪನ್ಯಾಸಕಿಯಾಗಿದ್ದೆ. ಆದರೆ ಕೇಂದ್ರ ಸರ್ಕಾರದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೆ (ಜಿಎಸ್‌ಐ) ಯುಪಿಎಸ್‌ಸಿ ಪ್ರತ್ಯೇಕ ಪರೀಕ್ಷೆ ನಡೆಸುತ್ತದೆ. ಗಣಿ ಮತ್ತು ಭೂವಿಜ್ಞಾನ ಇಲಾಖೆ, ಅಂತರ್ಜಲ, ಅಣೆಕಟ್ಟು, ಸುರಂಗ, ಎಲ್ಲ ಕಡೆ ನಮ್ಮವರು ಬೇಕು. ನಮ್ಮ ಮಂಡ್ಯ ಜಿಲ್ಲೆಯನ್ನೇ ನೋಡಿ. ಶ್ರೀರಂಗಪಟ್ಟಣ ತಾಲ್ಲೂಕಿನ ಮರಳಗಾಲ, ಅಲ್ಲಾಪಟ್ಟಣದ ಕಡೆ ಸುಮಾರು 1,600 ಟನ್ ಲಿಥಿಯಂ ಇರಬಹುದು ಅಂತ ಪರಮಾಣು ಖನಿಜ ನಿರ್ದೇಶನಾಲಯ ಅಂದಾಜು ಮಾಡಿತು. ಅದು ಪೆಗ್ಮಟೈಟ್ ಅನ್ನುವ ದಪ್ಪ ಹರಳಿನ ಕಲ್ಲಿನಲ್ಲಿದೆ. ದೊಡ್ಡ ದೊಡ್ಡ ಕಾಗೆಬಂಗಾರ ಸಿಗುವುದೂ ಇಂಥ ಕಲ್ಲಿನಲ್ಲೇ.

ನಾಗಮಂಗಲದ ತಂಗಿ, ನಿನಗೊಂದು ಮಾತು. ಡಬ್ಬಿಯ ಒಂದೊಂದು ಕಲ್ಲಿಗೂ ಚೀಟಿ ಅಂಟಿಸು. ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು, ಬಂಡೆಯಿಂದ ಒಡೆದದ್ದಾ, ಸುಮ್ನೆ ಬಿದ್ದಿದ್ದಾ? ಎಲ್ಲಿಯದು ಅಂತ ಗೊತ್ತಿಲ್ಲದ ಕಲ್ಲಿನಿಂದ ನೆಲದ ಕಥೆ ಕಟ್ಟೋಕೆ ಆಗಲ್ಲ.

ನಾಗಮಂಗಲದ ವಿದ್ಯಾರ್ಥಿನಿ:
ತುಂಬಾ ಥ್ಯಾಂಕ್ಸ್ ಮೇಡಂ. ಅಪ್ಪನಿಗೆ ಬಾವಿ ಕಥೆ ಓದಿ ಹೇಳಿದೆ. ನಮ್ಮ ತೆಂಗಿನ ತೋಟದ ಬೋರ್ ಫೇಲಾದ ಜಾಗದಲ್ಲೂ ಕರಿಕಲ್ಲು ಬಂದಿತ್ತಂತೆ. ಅರ್ಧ ಕಲ್ಲು ಎಲ್ಲಿ ಸಿಕ್ಕಿದ್ದು ಅಂತ ನನಗೆ ನೆನಪಿಲ್ಲ. ಭಾನುವಾರ ಅಪ್ಪನೇ ಜೊತೆಗೆ ಬರ್ತೀನಿ ಅಂದಿದ್ದಾರೆ, ಹೊಲ ಸುತ್ತಿ ಹುಡುಕುತ್ತೇವೆ.