ಮದರ್‌ಬೋರ್ಡಿನ ಆಡಿಯೋನೇ ಸಾಕಾ, ಸೌಂಡ್ ಕಾರ್ಡ್ ಹಾಕಸ್ಬೇಕಾ? ರೆಕಾರ್ಡಿಂಗ್‌ನ್ಯಾಗ ಗುಂಯ್ ಅಂತದ

ಬಿಸಿಲೂರ ಹುಡುಗ (ಕಲಬುರಗಿ):
ನಮಸ್ಕಾರ್ರಿ ಎಲ್ಲರಿಗೂ. ನಮ್ಮ ಕಾಕಾ ಭಜನಿ ಮ್ಯಾಳದಾಗ ತತ್ವಪದ ಹಾಡ್ತಾರ, ವಯಸ್ಸು ಎಪ್ಪತ್ತು ದಾಟ್ಯದ ಖರೆ ದನಿ ಇನ್ನಾ ಗಟ್ಟಿ ಅದ, ಅವೆಲ್ಲ ಅವರ ಸಂಗಟೇ ಹೋಗಬಾರದು ಅಂತ ಮನ್ಯಾಗ ರೆಕಾರ್ಡ್ ಮಾಡಿ ಯೂಟ್ಯೂಬ್‌ಗೆ ಹಾಕ್ಲಾಕತ್ತೀನಿ. ಪಿಸಿ ಹೊಸಾದು, ಐ3, ಎಚ್610 ಮದರ್‌ಬೋರ್ಡ್, ಆಡಿಯೋ ಚಿಪ್ ರಿಯಲ್‌ಟೆಕ್ ಎಎಲ್‌ಸಿ897. ಹಾಡು ಕೇಳ್ಲಾಕ ಏನೂ ತಕರಾರಿಲ್ಲ. ರೆಕಾರ್ಡ್ ಮಾಡಿದ್ರ ಮಾತ್ರ ಹಿಂದ ಸಣ್ಣಗ ಗುಂಯ್ ಅಂತ ಒಂದೇ ಸಮ ಬರ್ತದ, ಕಾಕಾನ ಏಕತಾರಿಗೂ ಅದಕ್ಕೂ ಶ್ರುತಿ ಜಗಳ ಬಿದ್ದಂಗ. ಮೈಕ್ ಆನ್‌ಲೈನ್ ತರ್ಸಿದ ಅಗ್ಗದ ಕಂಡೆನ್ಸರ್, ಒಂದು ಕಡಿ ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ಮೈಕ್ ಪ್ಲಗ್), ಇನ್ನೊಂದು ಕಡಿ 3.5 ಎಂಎಂ ಪಿನ್ನು, ಕ್ಯಾಬಿನೆಟ್ ಮುಂದಿನ ಮೈಕ್ ತೂತಿಗೆ ಚುಚ್ಚೀನಿ. ಸೂಪರ್ ಮಾರ್ಕೆಟ್ ಕಡಿ ಒಂದು ಅಂಗಡ್ಯಾಗ ಕೇಳಿದ್ರ "ಬೋರ್ಡಿನ ಸೌಂಡ್ ಇಷ್ಟೇರಿ, ಕಾರ್ಡ್ ಹಾಕಸ್ರಿ ಕ್ಲೀನ್ ಆಗ್ತದ" ಅಂದ್ರು. ಕೈಯಾಗ ಆರು ಸಾವಿರ ಅದ. ಹಾಕಸ್ಲೋ ಬ್ಯಾಡೋ ಹೇಳ್ರಿ.

ಫರಸಿ ಮ್ಯಾಲ ಬರಿಗಾಲು (ಕಲಬುರಗಿ):
ತಮ್ಮಾ, ರೊಕ್ಕ ಬಿಚ್ಚೋಕಿಂತ ಮೊದ್ಲ ಒಂದು ಹೇಳು. ಚಪ್ಲಿ ಇಲ್ದ ಶಹಾಬಾದ ಫರಸಿ ಮ್ಯಾಲ ನಿಂತಾಗ ಕ್ಯಾಬಿನೆಟ್‌ನ ಹಿಂದಿನ ಸ್ಕ್ರೂಗೆ ಕೈ ತಾಗಿದ್ರ ಜುಮ್ ಅಂತದೇನು? ಅಂದ್ರ ನಿಮ್ಮನಿ ಸ್ವಿಚ್ ಬೋರ್ಡಿಗೆ ಅರ್ಥಿಂಗ್ ಇಲ್ಲ, ಇಲ್ಲಾ ಇದ್ರೂ ಸತ್ತದ. ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡೋ ಡಬ್ಬಿ) ಒಳಗ ಫಿಲ್ಟರ್ ಕೆಪಾಸಿಟರ್ ಇರ್ತಾವ, ಅರ್ಥ್ ಸಿಗಲಿಲ್ಲಂದ್ರ ಅವುಗಳಿಂದ 230 ವೋಲ್ಟಿನ ಹೆಚ್ಚುಕಮ್ಮಿ ಅರ್ಧ ಕ್ಯಾಬಿನೆಟ್ ಮ್ಯಾಲೇ ಬಂದು ಕುಂದರ್ತದ, ಕರೆಂಟ್ ಭಾಳ ಕಮ್ಮಿ ಇರೋದ್ರಿಂದ ಜುಮ್ ಅಂತ ಬಿಡ್ತದ ಅಷ್ಟೇ, ಟೆಸ್ಟರ್ ಹಚ್ಚಿದ್ರ ಮಿಣಿಮಿಣಿ ಅಂತದ ನೋಡು. ಆಡಿಯೋದ ಗ್ರೌಂಡೂ ಅದೇ ಕ್ಯಾಬಿನೆಟ್ಟಿಗೇ ಕೂಡ್ಯದ. ಹಂಗಾಗಿ 50 ಹರ್ಟ್ಜಿನ ಗುಂಯ್ ಸೀದಾ ಮೈಕಿಗೆ. ರೆಕಾರ್ಡ್ ಆಗೋವಾಗ ಕ್ಯಾಬಿನೆಟ್ ಮ್ಯಾಲ ಕೈ ಇಡು, ಸದ್ದು ಹೆಚ್ಚುಕಮ್ಮಿ ಆದ್ರ ರೋಗ ಇದೇ.

ನಮ್ಮನ್ಯಾಗೂ ಹಿಂಗೇ ಆಗಿತ್ತು, ಅಂಗಳದಾಗಿನ ಅರ್ಥ್ ಗುಂಡಿ ಏಪ್ರಿಲ್‌ದಾಗ ಒಣಗಿ ಬಿರುಕು ಬಿಟ್ಟಿತ್ತು. ಉಪ್ಪು ಇದ್ದಲಿ ಹಾಕಿದ್ದೇನೋ ಇತ್ತು, ನೀರು ಯಾರು ಹಾಕ್ತಾರ್ರಿ ನಮ್ಮ ಬಿಸಿಲಾಗ, ಕುಡ್ಯಾಕೇ ತ್ರಾಸು.

ಹಳೇ ಸೌಂಡು (ಬೀದರ್):
ಅರ್ಥಿಂಗ್ ಮಾತು ಬರೋಬ್ಬರಿ ಅದ, ಆದ್ರ ಸೌಂಡ್ ಕಾರ್ಡ್ ಅಂದ್ರ ಎಲ್ಲಾರೂ ಹಿಂಗ ಮಾರಿ ತಿರಗಸ್ತೀರಿ, ನನಗ ಬ್ಯಾಸರ ಆಗ್ತದ. ನಾ ಸೌಂಡ್ ಬ್ಲಾಸ್ಟರ್ ಎಕ್ಸ್-ಫೈ ಹಾಕ್ಕೊಂಡು ಗೇಮ್ ಆಡಿದಾಂವ, ಬೆನ್ನಿಂದ ಬಂದ ಹೆಜ್ಜಿ ಸಪ್ಪಳ ಬೆನ್ನಿಂದೇ ಕೇಳ್ತಿತ್ತು, ಪಕ್ಕದ ಓಣ್ಯಾಗಿನ ಹುಡುಗ್ರು ಕೇಳ್ಲಾಕಂತೇ ಬರ್ತಿದ್ರು. ಆಮ್ಯಾಲ ವಿಂಡೋಸ್ ವಿಸ್ಟಾ ಬಂತು, ಮೈಕ್ರೋಸಾಫ್ಟ್‌ನವ್ರು ಡೈರೆಕ್ಟ್‌ಸೌಂಡ್‌ಗೆ (ಗೇಮ್‌ಗಳು ಸದ್ದು ಮಾಡ್ಲಾಕ ಬಳಸೋ ವಿಂಡೋಸ್‌ನ ಭಾಗ) ಕಾರ್ಡಿನ ಹಾರ್ಡ್‌ವೇರ್ ಸಿಗೋದು ತೆಗದುಬಿಟ್ರು, ಕಾರ್ಡಿಗೆ ಇದ್ದ ಕೆಲಸಾನೇ ಹೋಯ್ತು. ಈಗ ಎಲ್ಲಾ ಸಿಪಿಯುನೇ ಮಾಡ್ತದ, ಅದಕ್ಕ ಒಂದು ತೂಕಾನೂ ಆಗಂಗಿಲ್ಲ.

250 ಓಮ್ ಅಂಥಾ ಭಾರಿ ಹೆಡ್‌ಫೋನ್ ಇತ್ತಂದ್ರ ಈಗೂ ಆಂಪ್ಲಿಫೈಯರ್ ಇದ್ದ ಕಾರ್ಡ್ ಚಲೋನೇ, ಅಗ್ಗದ ಬೋರ್ಡಿಗೆ ಅದನ್ನ ಎತ್ತೋ ತಾಕತ್ ಇರಂಗಿಲ್ಲ. ನಿಮ್ಮದು ಕೇಳೋ ಕೆಲಸ ಅಲ್ಲಲ್ಲ.

ಕೌದಿ (ಯಾದಗಿರಿ):
ನಾ ಮದುವಿ ವಿಡಿಯೋ, ರಥೋತ್ಸವದ ವಿಡಿಯೋ ಎಡಿಟ್ ಮಾಡ್ತೀನಿ, ದಿನಾ ಇದೇ ಗೋಳು. ಅಣ್ಣಾ, ನಿಮ್ಮ ಮೈಕಿಗೆ ಬೇಕಾಗಿದ್ದು 48 ವೋಲ್ಟ್ ಫ್ಯಾಂಟಮ್ ಪವರ್ (ಮೈಕ್ ವೈರಿನ್ಯಾಗೇ ಹೋಗೋ ಕರೆಂಟ್) ಇರಬೇಕು, ಡಬ್ಬಿ ಮ್ಯಾಲ ಓದ್ರಿ. ಕಂಪ್ಯೂಟರ್ ಮೈಕ್ ತೂತು ಕೊಡೋದು ಒಂದೆರಡು ಮೂರು ವೋಲ್ಟ್, ಅದಕ್ಕ ಮೈಕ್ ಅರೆಹೊಟ್ಟಿ ಹಾಡ್ಲಾಕತ್ತದ. ದನಿ ಸಣ್ಣ ಬಂತಂತ ನೀವು ಸೆಟ್ಟಿಂಗ್ಸ್‌ದಾಗ ಮೈಕ್ ಬೂಸ್ಟ್ ಪ್ಲಸ್ 30 ಇಟ್ಟಿರಬೇಕು ಹೌದಿಲ್ಲ? 30 ಡಿಬಿ ಅಂದ್ರ ಸುಮಾರು 32 ಪಟ್ಟು, ಕಾಕಾನ ದನಿ ಸಂಗಟ ಗುಂಯ್ ಅನ್ನೋದೂ ಅಷ್ಟೇ ಪಟ್ಟು. ಅಂಗಡ್ಯಾಂವ ಕೊಡೋ ಕಾರ್ಡೂ ಇದೇ 3.5 ಎಂಎಂ ತೂತಿನದೇ ಇರ್ತದ, 48 ವೋಲ್ಟ್ ಕೊಡಂಗಿಲ್ಲ, ಮ್ಯಾಲ ಗ್ರಾಫಿಕ್ಸ್ ಕಾರ್ಡ್ ಇದ್ರ ಅದರ ಬಾಜೂಕೇ ಕುಂತು ಅದರ ಗಲಾಟಿನೂ ಹಿಡೀಬಹುದು.

ಈಗ ಹಿಂಗ ಮಾಡ್ರಿ, ಮುಂದಿನ ತೂತು ಬಿಟ್ಟು ಹಿಂದಿನ ಪಿಂಕ್ ತೂತಿಗೆ ಹಾಕ್ರಿ, ಮುಂದಿನ ವೈರು ಕ್ಯಾಬಿನೆಟ್ ತುಂಬಾ ಓಡಾಡಿ ಬರ್ತದ. ಮೌಸ್ ಅಲ್ಲಾಡ್ಸಿದಾಗ ಕಿರ್ರ್ ಅಂದ್ರ ಅದು ಒಳಗಿನ ಗಲಾಟಿ, ಒಂದೇ ಸಮ ಗುಂಯ್ ಅಂದ್ರ ಕರೆಂಟ್ ಲೈನಿಂದು. ಕರೆಂಟ್ ಹೋಗಿ ಹಳೇ ಸ್ಕ್ವೇರ್ ವೇವ್ ಇನ್ವರ್ಟರ್ ಮ್ಯಾಲ ಇದ್ದಾಗಂತೂ ರೆಕಾರ್ಡೇ ಮಾಡಬ್ಯಾಡ್ರಿ. ಆರು ಸಾವಿರದಾಗ 48 ವೋಲ್ಟ್ ಇದ್ದ ಒಂದು ಯುಎಸ್‌ಬಿ ಇಂಟರ್‌ಫೇಸ್ (ಮೈಕ್ ಹಚ್ಚಿ ಯುಎಸ್‌ಬಿಯಿಂದ ಪಿಸಿಗೆ ಕೂಡ್ಸೋ ಡಬ್ಬಿ) ಬರ್ತದ, ಅದು ಕ್ಯಾಬಿನೆಟ್ ಹೊರಗೇ ಇರ್ತದ. ಮತ್ತ ಫರಸಿ ನೆಲದ ಖೋಲ್ಯಾಗ ದನಿ ಗೋಡಿಗೆ ಬಡದು ವಾಪಸ್ ಬರ್ತದ, ಅವ್ವನ ಕೌದಿ ಎರಡು ಕಾಕಾನ ಎದುರಿಗೆ ಹಗ್ಗ ಕಟ್ಟಿ ಜೋತು ಹಾಕ್ರಿ. ದುಪ್ಪಟಿ ಬ್ಯಾಡ, ಕೌದಿನೇ ಬೇಕು, ದಪ್ಪ ಇದ್ದಷ್ಟು ಚಲೋ.

ಬಿಸಿಲೂರ ಹುಡುಗ (ಕಲಬುರಗಿ):
ಅಣ್ಣೋರೆ ಎಲ್ಲಾ ಖರೆ ಆಯ್ತು. ಕ್ಯಾಬಿನೆಟ್ ಜುಮ್ ಅಂದೇ ಅಂತು, ನಾ ಇಷ್ಟು ದಿನ ಹೊಸಾ ಪಿಸಿ ಹಿಂಗೇ ಇರ್ತದ ಅಂತ ತಿಳ್ಕೊಂಡಿದ್ದೆ. ಎಲೆಕ್ಟ್ರಿಷಿಯನ್‌ಗೆ ಕರ್ಸಿ ನೋಡಿದ್ರ ಎಕ್ಸ್‌ಟೆನ್ಶನ್ ಬೋರ್ಡಿನ ಪ್ಲಗ್‌ನ್ಯಾಗ ದಪ್ಪ ಪಿನ್ನೇ ಇಲ್ಲ, ಗೋಡಿ ಸಾಕೆಟ್ಟಿಗೆ ಹೊಂದವಲ್ದು ಅಂತ ಯಾರೋ ಮುರದಾರ, ಬಹುಶಃ ನಾನೇ. ಹೊಸಾ ತ್ರೀ ಪಿನ್ ಹಾಕಸ್ದೆ, ಬೇವಿನ ಗಿಡದ ಬುಡಕಿನ ಗುಂಡಿಗೆ ಎರಡು ಕೊಡ ನೀರು ಸುರದೆ, ಬೂಸ್ಟ್ 30 ಇತ್ತು, 10ಕ್ಕ ಇಳಸ್ದೆ. ಗುಂಯ್ ಮುಕ್ಕಾಲು ಪಾಲು ಹೋಯ್ತು. ಈಗ ದನಿ ಸಣ್ಣ ಬರ್ತದ, ಅಂದ್ರ ಇಂಟರ್‌ಫೇಸ್ ತಗೋಳೋದೇ. ಕೂಲರ್ ಸದ್ದು ಬರ್ತದಂತ ಬಂದ್ ಮಾಡ್ದೆ, ಕಾಕಾ ಎರಡನೇ ಪದಕ್ಕೇ "ಬೆವರು ಕಣ್ಣಾಗ ಇಳೀಲಾಕತ್ತದೋ, ಗಾಳಿ ಹಚ್ಚು" ಅಂತ ಏಕತಾರಿ ಕೆಳಗಿಟ್ರು. ನಾಳಿಂದ ಬೆಳಗ್ಗೆ ಐದಕ್ಕ ರೆಕಾರ್ಡಿಂಗ್ ಅಂತ ಒಪ್ಕೊಂಡಾರ. ಒಂದೇ ಮೈಕಿನ ಇಂಟರ್‌ಫೇಸ್ ಸಾಕಾ, ಎರಡರದು ಬೇಕಾ?

ಕೌದಿ (ಯಾದಗಿರಿ):
ಹಾರ್ಮೋನಿಯಂನವ್ರು ಬರ್ತಾರಂದ್ರ ಎರಡು. ಬರೇ ಏಕತಾರಿ ಇದ್ರ ಒಂದೇ ಸಾಕು, ಅದು ಕಾಕಾನ ಕೈಯಾಗೇ ಇರ್ತದ.