4294967297 ಅವಿಭಾಜ್ಯ ಅಂತ ನನ್ನ ಪ್ರೋಗ್ರಾಂ ಯಾಕೆ ಹೇಳುತ್ತಿದೆ?

ಪ್ರಶ್ನೆ

ಅವಿಭಾಜ್ಯ ಸಂಖ್ಯೆ ಪತ್ತೆ ಮಾಡಲು ಒಂದು ಚಿಕ್ಕ ಪ್ರೋಗ್ರಾಂ ಬರೆದಿದ್ದೇನೆ. ಕೊಟ್ಟ ಸಂಖ್ಯೆಯಲ್ಲಿ 1 ಕಳೆದು, ಉಳಿದದ್ದನ್ನೇ 2ಕ್ಕೆ ಘಾತವಾಗಿ ಹಾಕಿ, ಬಂದದ್ದನ್ನು ಕೊಟ್ಟ ಸಂಖ್ಯೆಯಿಂದ ಭಾಗಿಸುತ್ತದೆ. ಶೇಷ 1 ಬಂದರೆ ಅವಿಭಾಜ್ಯ ಅಂತ ತೋರಿಸುತ್ತದೆ. 257, 65537 ಎರಡೂ ಸರಿಯಾಗಿ ಬಂದವು. 4294967297 ಕೊಟ್ಟಾಗಲೂ ಅವಿಭಾಜ್ಯ ಅಂತು.

ಖಾತ್ರಿಗೆ ಇರಲಿ ಅಂತ ಸುಮ್ನೆ 3, 5, 7, 11 ಹೀಗೆ ಒಂದೊಂದರಿಂದಲೇ ಭಾಗಿಸುತ್ತಾ ಹೋದೆ. 641ಕ್ಕೆ ಶೇಷ ಸೊನ್ನೆ, ಭಾಗಲಬ್ಧ 6700417! ನಂಬಿಕೆ ಬರದೆ ಕಾಗದದ ಮೇಲೆ ಗುಣಿಸಿದೆ. 6700417ರ 600 ಪಟ್ಟು 4020250200, 40 ಪಟ್ಟು 268016680, ಮೇಲೆ ಇನ್ನೊಂದು 6700417. ಕೂಡಿದರೆ ಅದೇ 4294967297. ಎರಡು ದಿನದಿಂದ ಕೋಡ್ ತಿರುವಿ ಹಾಕುತ್ತಿದ್ದೇನೆ, ತಪ್ಪು ಸಿಗುತ್ತಿಲ್ಲ.

ಉತ್ತರ 1

ಕೋಡ್ ಸರಿ ಇದೆ. ಆದರೆ ಈ ಪರೀಕ್ಷೆಯಲ್ಲಿ ಶೇಷ 1 ಬಂದ ಮಾತ್ರಕ್ಕೆ ಸಂಖ್ಯೆ ಅವಿಭಾಜ್ಯ ಅಂತ ಆಗುವುದಿಲ್ಲ. ಈ ಸಂಖ್ಯೆಗೆ 2 ಹಿಡಿದು ಪರೀಕ್ಷೆ ಮಾಡಿದ್ದೇ ತೊಂದರೆ.

ನಿಮ್ಮ ಸಂಖ್ಯೆ ಅಂದರೆ 2ರ 32ನೇ ಘಾತಕ್ಕೆ 1 ಕೂಡಿಸಿದ್ದು. ಹಾಗಾಗಿ 2ರ 32ನೇ ಘಾತದ ಶೇಷ ಮೈನಸ್ 1 ಅಂತ ಇಟ್ಟುಕೊಳ್ಳಬಹುದು. ಅದರ ವರ್ಗ ತೆಗೆದರೆ 64ನೇ ಘಾತದ ಶೇಷ 1. ಆಮೇಲೆ 64ರ ಯಾವ ಗುಣಕ ತೆಗೆದುಕೊಂಡರೂ ಶೇಷ 1 ಬಿಟ್ಟು ಬೇರೆ ಬರುವುದಿಲ್ಲ. ನೀವು ಹಾಕುವ ಘಾತ 4294967296, ಅದೂ 64ರ ಗುಣಕವೇ ಅಲ್ವಾ? 2ರ ಬದಲು 3 ಹಾಕಿ ನೋಡಿ.

ಉತ್ತರ 2

ನನಗೆ ತುಂಬಾ ಇಷ್ಟವಾದ ಸಂಖ್ಯೆ ಇದು. 2ರ 1, 2, 4, 8, 16ನೇ ಘಾತಗಳಿಗೆ 1 ಕೂಡಿಸಿದರೆ ಬರುವ 3, 5, 17, 257, 65537 ಅವಿಭಾಜ್ಯ, ಹಾಗಾಗಿ ಮುಂದಿನದೂ ಅವಿಭಾಜ್ಯವೇ ಅಂತ 17ನೇ ಶತಮಾನದಲ್ಲಿ ಗಣಿತಜ್ಞ ಫರ್ಮಾ ನಂಬಿದ್ದ. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಅದನ್ನು 641 ಭಾಗಿಸುತ್ತದೆ ಅಂತ ತೋರಿಸಿದ.

ಇದನ್ನು ಭಾಗಿಸುವ ಅವಿಭಾಜ್ಯ ಯಾವುದಾದರೂ ಅದರಲ್ಲಿ 1 ಕಳೆದರೆ 64ರ ಗುಣಕ ಆಗಲೇಬೇಕು. ಆಗ ನೋಡಬೇಕಾದವು 193, 257, 449, 577, 641 ಅಷ್ಟೇ. 641 ನೂರಹದಿನಾರನೇ ಅವಿಭಾಜ್ಯ, ಆದರೆ ಈ ದಾರಿಯಲ್ಲಿ ಐದನೆಯದಕ್ಕೇ ಸಿಗುತ್ತದೆ.

ಭಾಗಾಕಾರವನ್ನೇ ಮಾಡದೆ ನೋಡುವ ದಾರಿಯೂ ಇದೆ. 640 ಅಂದರೆ 5 × 128. 641ರಿಂದ ಭಾಗಿಸಿದಾಗ ಅದರ ಶೇಷ ಮೈನಸ್ 1, ಹಾಗಾಗಿ ಅದರ 4ನೇ ಘಾತದ ಶೇಷ 1. ಆ 4ನೇ ಘಾತವನ್ನು ಬಿಡಿಸಿದರೆ 625 × 2ರ 28ನೇ ಘಾತ. 641ರಲ್ಲಿ 16 ಕಳೆದರೆ 625, ಹಾಗಾಗಿ 625ರ ಜಾಗದಲ್ಲಿ ಮೈನಸ್ 16 ಹಾಕಿ. 16 ಅಂದರೆ 2ರ 4ನೇ ಘಾತ, 28ಕ್ಕೆ 4 ಸೇರಿ 32. ಅಂದರೆ 2ರ 32ನೇ ಘಾತದ ಶೇಷ ಮೈನಸ್ 1. ಅದಕ್ಕೆ 1 ಕೂಡಿಸಿದರೆ ಸೊನ್ನೆ! 641ನ್ನು 625 + 16 ಅಂತಲೂ 640 + 1 ಅಂತಲೂ ಬರೆಯಲು ಬರುವುದರಿಂದಲೇ ಇದೆಲ್ಲ ನಡೆಯುತ್ತದೆ. ಎಷ್ಟು ಸಲ ಬರೆದರೂ ನನಗೆ ಖುಷಿಯೇ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಥ್ಯಾಂಕ್ಸ್. 3 ಹಾಕಿದೆ, ಶೇಷ 1 ಬರಲಿಲ್ಲ. ಆ ಸಾಲಿನ ಮುಂದಿನ ಸಂಖ್ಯೆ 18446744073709551617ಕ್ಕೂ ಹೀಗೇ ಆಯಿತು. 2 ಹಾಕಿದರೆ ಅವಿಭಾಜ್ಯ, 3 ಹಾಕಿದರೆ ಅಲ್ಲ. ಇದಕ್ಕೆ 64ರ ಬದಲು 128ರ ಗುಣಕಕ್ಕೆ 1 ಕೂಡಿಸುತ್ತಾ ಭಾಗಿಸಿದೆ. 2142ನೇ ಸಲಕ್ಕೆ 274177 ಸಿಕ್ಕಿತು!