ಅಪ್‌ಡೇಟ್: ಎರಡನೇ ಸೈಟ್‌ನ ಡಿಸ್ಕ್ ಕೊನೆಗೂ ಪಟ್ಟಿಗೆ ಬಂತು

ವಿಂಡೋಸ್ ಕ್ಲಸ್ಟರ್‌ನಲ್ಲಿ (ಒಂದಾಗಿ ಕೆಲಸ ಮಾಡುವ ಸರ್ವರ್‌ಗಳ ಗುಂಪು) ಸ್ಟೋರೇಜ್ ರೆಪ್ಲಿಕಾ (ಒಂದು ಸೈಟ್‌ನ ಡೇಟಾವನ್ನು ಇನ್ನೊಂದು ಸೈಟ್‌ಗೆ ನಕಲಿಸುತ್ತಾ ಇರುವ ಸೌಲಭ್ಯ) ಹಾಕುವಾಗ ಎರಡನೇ ಸೈಟ್‌ನ ಡಿಸ್ಕ್ ಆಯ್ಕೆಗೇ ಸಿಗುತ್ತಿಲ್ಲ ಎಂದು ಕೇಳಿದ್ದೆನಲ್ಲ, ಈಗ ಸರಿಹೋಯಿತು.

ತಪ್ಪು ನನ್ನದೇ. ಡೇಟಾ ಡಿಸ್ಕ್‌ಗಳ ಗಾತ್ರ ಒಂದೇ ಇತ್ತು. ಆದರೆ ಸೆಕ್ಟರ್ ಸೈಜ್ (ಡಿಸ್ಕ್ ಓದಿ ಬರೆಯುವ ಅತಿ ಚಿಕ್ಕ ತುಣುಕಿನ ಅಳತೆ) ಒಂದು ಕಡೆ 512, ಇನ್ನೊಂದು ಕಡೆ 4096 ಬೈಟ್. ಅದೂ ಒಂದೇ ಇರಬೇಕು! ಗಾತ್ರ ನೋಡಿ ಸುಮ್ನೆ ಇದ್ದುಬಿಟ್ಟಿದ್ದೆ. ಡಿಸ್ಕ್ ಬದಲಿಸಿ, ರೆಪ್ಲಿಕಾ ಬರಹಗಳನ್ನು ದಾಖಲಿಸುವ ಲಾಗ್‌ಗೆ ಎರಡೂ ಕಡೆ ಪ್ರತ್ಯೇಕ ಎಸ್‌ಎಸ್‌ಡಿ ಕೊಟ್ಟೆ. ಸೈಟ್‌ಗಳ ನಡುವಿನ ಲೇಟೆನ್ಸಿ (ಡೇಟಾ ಹೋಗಿ ಬರುವ ಸಮಯ) 5 ಮಿಲಿಸೆಕೆಂಡ್‌ಗಿಂತ ಕಡಿಮೆ, ಹಾಗಾಗಿ ಸಿಂಕ್ರೊನಸ್ ಮೋಡ್, ಅಂದರೆ ಎರಡೂ ಕಡೆ ಬರೆದಾದ ಮೇಲೆಯೇ ಬರಹ ಮುಗಿಯಿತು ಎಂದು ಲೆಕ್ಕ.

ನಕಲು ಶುರುವಾದ ಕೂಡಲೇ ಎರಡನೇ ಸೈಟ್‌ನ ವಾಲ್ಯೂಮ್ (ಡಿಸ್ಕ್‌ನ ಡ್ರೈವ್) ಮಾಯವಾಗಿ ಎದೆ ಧಸಕ್ಕೆಂದಿತು. ಗಾಬರಿ ಬೇಡ, ನಕಲು ಹೋಗುವ ವಾಲ್ಯೂಮ್ ಡಿಸ್‌ಮೌಂಟ್ ಆಗಿಯೇ, ಅಂದರೆ ತೆರೆದು ಬಳಸಲು ಸಿಗದಂತೆಯೇ ಇರುತ್ತದೆ.

ನಿನ್ನೆ ಪರೀಕ್ಷೆಗೆಂದು ಮೊದಲ ಸೈಟ್‌ನ ನೋಡ್‌ಗಳನ್ನೆಲ್ಲ (ಕ್ಲಸ್ಟರ್‌ನ ಸರ್ವರ್‌ಗಳು) ಆಫ್ ಮಾಡಿದೆ. ವಿಟ್ನೆಸ್ (ಕ್ಲಸ್ಟರ್ ನಡೆಯಲು ಬೇಕಾದ ಬಹುಮತಕ್ಕೆ ಒಂದು ಹೆಚ್ಚುವರಿ ಮತ) ಮೂರನೇ ಜಾಗದಲ್ಲಿತ್ತು, ಹಾಗಾಗಿ ಡಿಸ್ಕ್ ತಾನಾಗಿ ಎರಡನೇ ಸೈಟ್‌ನಲ್ಲಿ ಆನ್‌ಲೈನ್ ಬಂತು. ಬ್ಯಾಕಪ್ ಮಾತ್ರ ನಿಲ್ಲಿಸಿಲ್ಲ. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ, ಅಲ್ವಾ?